ಹೈಫಾದ ಒಂದು ಮಧ್ಯಾಹ್ನ, ಕಾಗದದ ನಾಲ್ಕು ವರ್ಷ

(ಒಬ್ಬರು ಹುಣಸೂರಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಖಾ ಅಂಚೆ ಕಚೇರಿ ನಡೆಸುವ ಹೆಣ್ಣುಮಗಳು. ಇಬ್ಬರೂ ಮಾತಿಗೆ ಕೂತರೆ ಬೇಗ ಏಳುವವರಲ್ಲ.)

ಅಂಚೆಯಾಕೆ: ಸೆಪ್ಟೆಂಬರ್ 23 ಬಂತೆಂದರೆ ಹೈಫಾ, ಹೈಫಾ ಅಂತ ಭಾಷಣ ಶುರುವಾಗುತ್ತೆ ಮೇಷ್ಟ್ರೇ. ಮೈಸೂರಿನ ಕುದುರೆ ರಿಸಾಲೆಯವರು ಈಟಿ ಹಿಡಿದು ಫಿರಂಗಿಗಳ ಮೇಲೆ ನುಗ್ಗಿದರಂತೆ. ಎಷ್ಟು ಹೊತ್ತಿನ ಕದನ ಅದು?

ಮೇಷ್ಟ್ರು: ಬೆಳಗ್ಗೆ ಹತ್ತರ ಸುಮಾರಿಗೆ ಶುರು. ದೊಡ್ಡ ನುಗ್ಗಾಟ ನಡೆದದ್ದು ಮಧ್ಯಾಹ್ನ ಎರಡು ಗಂಟೆಗೆ. ಇನ್ನೂ ಹೊತ್ತು ಇಳಿಯುವ ಮೊದಲೇ ಊರು ಕೈಗೆ ಬಂದಿತ್ತು.

ಅಂಚೆಯಾಕೆ: ಅವರು ಊರು ಬಿಟ್ಟಿದ್ದು ಯಾವಾಗ?

ಮೇಷ್ಟ್ರು: ಮೊದಲ ಮಹಾಯುದ್ಧ ಶುರುವಾದಾಗ, 1914ರ ಅಕ್ಟೋಬರ್‌ನಲ್ಲಿ. ಪ್ಯಾಲೆಸ್ತೀನಿನ ಹೈಫಾ ಕದನ ನಡೆದದ್ದು 1918ರಲ್ಲಿ.

ಅಂಚೆಯಾಕೆ: ಅಂದರೆ ನಾಲ್ಕು ವರ್ಷದಲ್ಲಿ ಒಂದು ಮಧ್ಯಾಹ್ನ! ಮಿಕ್ಕ ದಿನವೆಲ್ಲ ಏನು ಮಾಡುತ್ತಿದ್ದರು ಅಂತ ಯಾರೂ ಹೇಳೋದೇ ಇಲ್ಲವಲ್ಲ?

ಮೇಷ್ಟ್ರು: ಕಾಯುತ್ತಿದ್ದರು. ಪಹರೆ ತಿರುಗುತ್ತಿದ್ದರು. ಕುದುರೆಗೆ ನೀರು ಕುಡಿಸುತ್ತಿದ್ದರು, ಮೈ ಉಜ್ಜುತ್ತಿದ್ದರು, ಜೀನು ಒರೆಸುತ್ತಿದ್ದರು. ಕೈ ಬಿಡುವಾದಾಗ ಮನೆಗೆ ಕಾಗದ ಬರೆಯುತ್ತಿದ್ದರು, ಬರೆಯಲು ಬಾರದವರು ಬರೆಸುತ್ತಿದ್ದರು. ಭಾಷಣಕ್ಕೆ ಮಧ್ಯಾಹ್ನ ಸಾಕು ಕಣಮ್ಮ. ಆ ನಾಲ್ಕು ವರ್ಷ ಬೇಕು ಅಂದರೆ ಕಾಗದವೇ ಗತಿ.

ಅಂಚೆಯಾಕೆ: ಹಾಗಾದರೆ ಕಾಗದದ ಕಡೆಯಿಂದಲೇ ಹೇಳಿ. ಹೋದವರು ಯಾರು, ಎಷ್ಟು ಜನ?

ಮೇಷ್ಟ್ರು: ಮೈಸೂರು ಇಂಪೀರಿಯಲ್ ಸರ್ವೀಸ್ ಲ್ಯಾನ್ಸರ್ಸ್ ಅಂತ ಆ ದಳದ ಹೆಸರು. ಬೆಂಗಳೂರಿನಲ್ಲಿ ಬೀಡು. ಸಂಬಳ ಸಾರಿಗೆಯೆಲ್ಲ ಮಹಾರಾಜರ ಖಜಾನೆಯದು, ಯುದ್ಧ ಬಂದಾಗ ಮಾತ್ರ ಸಾಮ್ರಾಜ್ಯಕ್ಕೆ ಒಪ್ಪಿಸಬೇಕು. ಅಂಥದೊಂದು ಏರ್ಪಾಟು 1889ರ ಸುಮಾರಿಗೆ ಸಂಸ್ಥಾನಗಳಲ್ಲಿ ಬಂತು. ಮಹಾರಾಜ ನಾಲ್ವಡಿಯವರು ದಳ ಕಳಿಸಿದ್ದಲ್ಲದೆ ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. ರೆಜಿಮೆಂಟ್‌ದಾರ್ ಬಿ. ಚಾಮರಾಜ ಅರಸರ ಕೈಕೆಳಗೆ 29 ಅಧಿಕಾರಿಗಳು, 444 ಮಂದಿ ಸವಾರರು ಹೊರಟರು. ಕುದುರೆ ಎಷ್ಟು ಗೊತ್ತೇ? 526.

ಅಂಚೆಯಾಕೆ: ಸವಾರರಿಗಿಂತ ಕುದುರೆಯೇ ಹೆಚ್ಚು!

ಮೇಷ್ಟ್ರು: ಜೊತೆಗೆ 49 ಹೇಸರಗತ್ತೆ, 132 ಮಂದಿ ಆಳುಕಾಳು. ಅಡುಗೆಯವರು, ಲಾಳ ಕಟ್ಟುವವರು, ಲಾಯದವರು. ಈ 132 ಮಂದಿಯ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ, ಅದು ಬೇರೆ ಮಾತು. ಬಾಂಬೆಯಲ್ಲಿ ಹಡಗು ಹತ್ತಿದರು. ಆಗ ಜರ್ಮನರ ಎಮ್ಡನ್ ಹಡಗು ಹಿಂದೂ ಮಹಾಸಾಗರದಲ್ಲೇ ಅಲೆಯುತ್ತಿತ್ತು. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಹೋಗಿದ್ದು ಎಲ್ಲರ ಬಾಯಲ್ಲೂ ಇತ್ತು. ಸಮುದ್ರವನ್ನೇ ನೋಡದ ನಮ್ಮ ಕಡೆಯ ಹುಡುಗರು ಅಂಥ ಹೊತ್ತಲ್ಲಿ ಹಡಗು ಹತ್ತಿದ್ದು.

ಅಂಚೆಯಾಕೆ: ನಮ್ಮ ಕಡೆಯವರು ಅಂದರೆ ಹುಣಸೂರು, ಪಿರಿಯಾಪಟ್ಟಣದವರು?

ಮೇಷ್ಟ್ರು: ಆ ದಳದ ಮೇಲಧಿಕಾರಿಗಳಲ್ಲಿ ಅರಸು ಮನೆತನದವರು ತುಂಬ. ಚಾಮರಾಜ ಅರಸು, ದೇಸರಾಜ ಅರಸು, ಲಿಂಗರಾಜ ಅರಸು, ಹೀಗೆ. ಅರಸು ಮನೆತನಗಳ ನೆಲೆ ನಮ್ಮ ಸೀಮೆಯೇ ತಾನೆ? ಬಿಳಿಕೆರೆ ಹುಣಸೂರು ತಾಲ್ಲೂಕು, ಕಲ್ಲಹಳ್ಳಿಯೂ ಇದೇ ತಾಲ್ಲೂಕು. ಮುಂದೆ ಮುಖ್ಯಮಂತ್ರಿಯಾದ ದೇವರಾಜ ಅರಸರು ಕಲ್ಲಹಳ್ಳಿಯಲ್ಲಿ ಹುಟ್ಟಿದ್ದು 1915ರ ಆಗಸ್ಟ್‌ನಲ್ಲಿ. ಆಗ ಲ್ಯಾನ್ಸರ್ಸ್‌ನವರು ಸೂಯೆಜ್ ಕಾಲುವೆಯ ದಂಡೆ ಕಾಯುತ್ತಿದ್ದರು. ಆದರೆ ರಿಸಾಲೆ ಅಂದರೆ ಬರೀ ಅರಸುಗಳಲ್ಲಮ್ಮ. ಮುಸಲ್ಮಾನ ಸವಾರರು, ಮರಾಠ ಸವಾರರು ಬಹಳ ಮಂದಿ ಇದ್ದರು. ತಾತ ಸ್ವಂತ ಕುದುರೆಯ ಸವಾರ, ಅಂದರೆ ಸಿಲ್ಲೇದಾರನಾಗಿದ್ದ, ಅಪ್ಪ ಸವಾರನಾಗಿದ್ದ, ಮಗನೂ ಅದೇ ಹಾದಿ ಹಿಡಿದ, ಹೀಗೆ. ದಿವಾನ್ ಪೂರ್ಣಯ್ಯನವರ ಕಾಲದಿಂದ ಬಂದ ಕಸುಬು ಅದು.

ಅಂಚೆಯಾಕೆ: ಸರಿ, ಈಜಿಪ್ಟಿನಿಂದ ಕಾಗದ ಹಳ್ಳಿ ಮುಟ್ಟಿದ್ದು ಹೇಗೆ? ಅದು ನನಗೆ ಬೇಕಾದ ವಿಷಯ.

ಮೇಷ್ಟ್ರು: ಅದರಲ್ಲಿ ನೀನೇ ನನಗಿಂತ ಬಲ್ಲವಳು. ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಯುದ್ಧಭೂಮಿಗೆ ಪ್ರತ್ಯೇಕವಾಗಿ ಫೀಲ್ಡ್ ಪೋಸ್ಟ್ ಆಫೀಸುಗಳು, ಒಂದೊಂದಕ್ಕೆ ಒಂದೊಂದು ನಂಬರು. ಸ್ಟಾಂಪಿನ ಮೇಲೆ ಐ.ಇ.ಎಫ್. ಅಂತ ಕಪ್ಪಕ್ಷರ ಒತ್ತಿರುತ್ತಿದ್ದರು. ಕಡಲಾಚೆಗೆ ಹೋದ ಭಾರತದ ಸೇನೆಯ ಗುರುತು ಅದು. ಯಾವ ಪಡೆ ಅಂತ ಹೇಳಲು ಒಂದೊಂದು ಅಕ್ಷರ: ಫ್ರಾನ್ಸಿಗೆ ಹೋದದ್ದು ಎ, ಮೆಸೊಪೊಟೇಮಿಯಕ್ಕೆ ಡಿ, ಈಜಿಪ್ಟಿಗೆ ಇ ಮತ್ತು ಎಫ್. ಮೇಲೆ ಊರಿನ ಹೆಸರಿಲ್ಲ.

ಅಂಚೆಯಾಕೆ: ಈಗಲೂ ಹಾಗೇ ಅಲ್ವೇ? ಸೈನ್ಯದಲ್ಲಿರುವ ಹುಡುಗನಿಗೆ ಬರೆಯಬೇಕಾದರೆ ಹೆಸರು, ನಂಬರು, ಯುನಿಟ್ಟು, ಕೊನೆಗೆ 56 ಎಪಿಒ ಅಥವಾ 99 ಎಪಿಒ. ಲಡಾಖಿನಲ್ಲಿದ್ದಾನೋ ರಾಜಸ್ಥಾನದಲ್ಲಿದ್ದಾನೋ ವಿಳಾಸ ನೋಡಿದರೆ ತಿಳಿಯಲ್ಲ. ಅಮ್ಮಂದಿರು ಬಂದು ಕೇಳ್ತಾರೆ, "ಇದು ಯಾವೂರವ್ವಾ?" ಅಂತ. ಕಾರ್ಗಿಲ್ ಕಾಲದಲ್ಲಿ ಆ ಪ್ರಶ್ನೆ ಇನ್ನೂ ಹೆಚ್ಚಿತ್ತು ಅಂತ ನನಗಿಂತ ಮೊದಲು ಇಲ್ಲಿದ್ದವರು ಹೇಳುತ್ತಿದ್ದರು.

ಮೇಷ್ಟ್ರು: ಹಡಗಿನಲ್ಲಿ ಸೂಯೆಜ್‌ನಿಂದ ಬಾಂಬೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಮೈಸೂರು. ಮೈಸೂರಿನಿಂದಾಚೆ ಗಾಡಿ, ಕಾಲು. ಹುಣಸೂರಿಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ! ಕುಶಾಲನಗರದ ರೈಲು ಕಾಗದದ ಮೇಲೆಯೇ ಓಡುತ್ತಿದೆ. ಕೆ.ಆರ್. ನಗರಕ್ಕೆ ಮಾತ್ರ ಅರಸೀಕೆರೆ ಹಾದಿ ಬಂತು. ಆಗ ಅದು ಕೆ.ಆರ್. ನಗರವೂ ಅಲ್ಲ, ಎಡತೊರೆ ತಾಲ್ಲೂಕು. ಎಚ್.ಡಿ. ಕೋಟೆ ಕಾಡಂಚಿನ ಹಳ್ಳಿಗಳಿಗಂತೂ ಮಳೆಗಾಲದಲ್ಲಿ ಹೊಳೆ ಇಳಿಯುವ ತನಕ ಕಾಗದ ಕಾಯಬೇಕು. ಒಂದು ಪ್ರಶ್ನೆ ಬರೆದು ಉತ್ತರ ಓದುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. "ಹಸು ಈಯಿತೇ?" ಅಂತ ಅವನು ಕೇಳಿದ್ದಕ್ಕೆ ಉತ್ತರ ಹೋಗುವಾಗ ಕರು ಹುಲ್ಲು ಮೇಯುತ್ತಿರುತ್ತೆ.

ಅಂಚೆಯಾಕೆ: ಓದುವವರು ಯಾರು ಮೇಷ್ಟ್ರೇ? ಆ ಕಾಲದಲ್ಲಿ ಓದು ಬರಹ ಎಷ್ಟಿತ್ತು?

ಮೇಷ್ಟ್ರು: 1911ರ ಗಣತಿ ನೋಡಿದರೆ ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಮಂದಿಗೂ ಅಕ್ಷರ ಇರಲಿಲ್ಲ. ಹೆಂಗಸರ ಲೆಕ್ಕ ಕೇಳಲೇಬೇಡ. ಅರಸು ಮನೆಗಳಲ್ಲಿ ಓದು ಇದ್ದಿರಬಹುದು. ಸಾಮಾನ್ಯ ಸವಾರನ ಮನೆಗೆ ಕಾಗದ ಬಂದರೆ ಶಾನುಭೋಗರನ್ನೋ ಐಗಳನ್ನೋ ಹುಡುಕಬೇಕು.

ಅಂಚೆಯಾಕೆ: ಅದು ನನಗೆ ಚೆನ್ನಾಗಿ ಅರ್ಥವಾಗುತ್ತೆ. ಇವತ್ತಿಗೂ ಪಿಂಚಣಿ ತಗೊಳ್ಳೋಕೆ ಬರುವ ಅಜ್ಜಿಯರು ಬ್ಯಾಂಕಿನ ಕಾಗದ ತಂದು "ಓದವ್ವ" ಅಂತಾರೆ. ನಾನು ಓದುವಾಗ ಸುತ್ತ ಇನ್ನೂ ನಾಲ್ಕು ಜನ ನಿಂತಿರುತ್ತಾರೆ. ಸಾಲದ ವಿಷಯವಿದ್ದರೆ ದನಿ ತಗ್ಗಿಸುತ್ತೇನೆ. ಹಾಗಂದರೆ ಸವಾರನ ಕಾಗದ ಗಂಡ ಹೆಂಡತಿಯ ಮಾತಾಗಿರಲೇ ಇಲ್ಲ. ಆ ಕಡೆ ಬರೆದವನೊಬ್ಬ, ಈ ಕಡೆ ಓದಿದವನೊಬ್ಬ, ಕೇಳಿದವರು ಕೇರಿಯೆಲ್ಲ.

ಮೇಷ್ಟ್ರು: ಬಹಳ ಸರಿಯಾಗಿ ಹಿಡಿದೆ. ಹೆಂಡತಿಯ ಹೆಸರನ್ನು ಕಾಗದದಲ್ಲಿ ಬರೆಯುವ ವಾಡಿಕೆಯೂ ಇರಲಿಲ್ಲ. ಕಾಗದ ತಂದೆಗೆ, ಇಲ್ಲವೇ ಅಣ್ಣನಿಗೆ. ಮೊದಲಿಗೆ ತೀರ್ಥರೂಪರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರ. ಆಮೇಲೆ ಉಭಯ ಕುಶಲೋಪರಿ. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಹೆಸರು ಹೆಸರಾಗಿ. ಹೆಂಡತಿಯ ಪಾಲಿಗೆ "ಮನೆಯವರಿಗೆಲ್ಲ ತಿಳಿಸುವುದು" ಅನ್ನುವ ಒಂದು ಸಾಲಿನ ಒಂದು ತುಣುಕು. ಅವಳು ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಳ್ಳಬೇಕು. ಈ ಒಕ್ಕಣೆ ನೋಡಿ ನಮ್ಮ ಹುಡುಗರು ನಗುತ್ತಾರೆ, ಅರ್ಧ ಹಾಳೆ ನಮಸ್ಕಾರಕ್ಕೇ ಹೋಯಿತಲ್ಲ ಅಂತ. ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ಹೆಸರು ಬರೆಸುವಾಗಲೂ ಅವನು ಮನೆಯೊಳಗೆ ಒಂದು ಸುತ್ತು ಬಂದಿರುತ್ತಾನೆ. ನಡುಮನೆ, ಅಡುಗೆಮನೆ, ಹಿತ್ತಿಲು, ಕೊಟ್ಟಿಗೆ. ಯಾರ ಹೆಸರು ಬಿಟ್ಟರೂ ಆ ಮನೆಯಲ್ಲಿ ತಿಂಗಳು ಮುನಿಸು.

ಅಂಚೆಯಾಕೆ: ಸೈನ್ಯದವರು ಕಾಗದ ಒಡೆದು ಓದುತ್ತಿದ್ದರು ಅಂತಾರಲ್ಲ?

ಮೇಷ್ಟ್ರು: ಓದುತ್ತಿದ್ದರು. ಮೊದಲು ದಳದೊಳಗೇ, ಆಮೇಲೆ ಅಂಚೆಯಲ್ಲಿ. ಫ್ರಾನ್ಸಿಗೆ ಹೋದ ಭಾರತೀಯರ ಕಾಗದ ಓದಲು ಬುಲೋನ್ ಬಂದರಿನಲ್ಲಿ ಒಂದು ಕಚೇರಿಯೇ ಇತ್ತು, ಕ್ಯಾಪ್ಟನ್ ಹೋವೆಲ್ ಅನ್ನುವವರು ಅದರ ಮೇಲ್ವಿಚಾರಕರು. ಸಿಪಾಯಿಗಳೂ ಕಡಿಮೆಯಿರಲಿಲ್ಲ. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು, ಅಂತ ಗುಟ್ಟಿನ ಮಾತು ಕಟ್ಟಿಕೊಂಡಿದ್ದರು. ಕರಿಮೆಣಸು ಮುಗಿಯುತ್ತ ಬಂತು ಅಂತ ಊರಿಗೆ ಬರೆದರೆ ತಿಳಿದವರಿಗೆ ತಿಳಿಯಿತು. ಇನ್ನು ಯಾರನ್ನೂ ದಂಡಿಗೆ ಸೇರಿಸಬೇಡಿ ಅನ್ನುವುದು ಅದರ ಅರ್ಥ. ಅಂಥವನ್ನು ತಡೆಹಿಡಿಯುವುದೇ ಆ ಕಚೇರಿಯ ಕೆಲಸ. ಅದಕ್ಕಾಗಿ ಅವರು ಕಾಗದಗಳಿಂದ ಸಾಲು ಆರಿಸಿ ಇಂಗ್ಲಿಷಿಗೆ ಮಾಡಿಕೊಂಡು ವರದಿ ಕಟ್ಟಿದರು. ಆ ವರದಿಗಳು ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1999ರಲ್ಲಿ ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು ಅವುಗಳಿಂದ ಆರಿಸಿ ಪುಸ್ತಕ ತಂದರು.

ಅಂಚೆಯಾಕೆ: ನೋಡಿದ್ರಾ ವಿಚಿತ್ರ! ಮನೆಗೆ ಮುಟ್ಟಿದ ಕಾಗದ ಹೋಯಿತು, ಕದ್ದು ಓದಿದವನು ಬರೆದಿಟ್ಟುಕೊಂಡದ್ದು ಉಳಿಯಿತು.

ಮೇಷ್ಟ್ರು: ಅದೂ ಬಹುಪಾಲು ಪಂಜಾಬಿನವರದು, ಫ್ರಾನ್ಸಿನಿಂದ ಬರೆದದ್ದು. ಮೈಸೂರಿನವರು ಫ್ರಾನ್ಸಿಗೆ ಹೋಗಲಿಲ್ಲ. ಹಾಗಾಗಿ ಆ ಪುಣ್ಯವೂ ನಮಗೆ ದಕ್ಕಲಿಲ್ಲ.

ಅಂಚೆಯಾಕೆ: ನನಗೆ ಇನ್ನೊಂದು ಹೊಳೆಯುತ್ತಿದೆ. ಬುಲೋನಿನಲ್ಲಿ ಓದುವವನು ಪರದೇಶಿ, ಬರೆದವನ ಮುಖ ಅವನಿಗೆ ಗೊತ್ತಿಲ್ಲ. ನಮ್ಮ ರಿಸಾಲೆಯಲ್ಲಿ ಮೇಲಿನವರೇ ಅರಸುಗಳು, ನಮ್ಮದೇ ಸೀಮೆಯವರು. ಕಾಗದ ಅವರ ಕಣ್ಣಿಗೆ ಬೀಳುತ್ತೆ ಅಂತ ಗೊತ್ತಿದ್ದರೆ ಸವಾರ ಬಾಯಿ ಬಿಡುತ್ತಾನೆಯೇ? ಹೆದರಿಕೆ, ಹಸಿವು, ಅಧಿಕಾರಿ ಬೈದದ್ದು, ಇವನ್ನು ಬರೆದರೆ ಊರಿನಲ್ಲಿ ಅಪ್ಪನ ಮರ್ಯಾದೆಯ ಪ್ರಶ್ನೆ. ಈ ಕಡೆ ಓದುವ ಶಾನುಭೋಗರಿಗೂ ತಿಳಿಯಬಾರದು. ಸರ್ಕಾರ ಕತ್ತರಿ ಹಾಕುವ ಮೊದಲೇ ಅವನೇ ಹಾಕಿಕೊಂಡಿರುತ್ತಾನೆ.

ಮೇಷ್ಟ್ರು: ಅದಕ್ಕೇ ಕ್ಷೇಮ, ಕ್ಷೇಮ, ಕ್ಷೇಮ. ಚಿಂತೆ ಮಾಡಬೇಡಿ.

ಅಂಚೆಯಾಕೆ: ನೀವು ಇಷ್ಟೆಲ್ಲ ಬಲ್ಲಿರಿ. ಅಂಥದೊಂದು ಕಾಗದ ಹೇಗಿದ್ದಿರಬಹುದು ಅಂತ ಬರೆದುಕೊಡಬಾರದೇ? ಶಾಲೆ ಮಕ್ಕಳಿಗೆ ಓದಲು ಚೆನ್ನಾಗಿರುತ್ತೆ.

ಮೇಷ್ಟ್ರು: ಬರೆಯಬಲ್ಲೆ, ಅದಕ್ಕೇ ಬರೆಯುವುದಿಲ್ಲ. ಇವತ್ತು ನಾನು ಬರೆದದ್ದು ನಾಳೆ ಮೊಬೈಲಿನಲ್ಲಿ ಸುತ್ತಾಡಿ, ನಾಳಿದ್ದು ಹೈಫಾ ವೀರನ ಅಸಲಿ ಕಾಗದ ಅಂತ ವೇದಿಕೆ ಮೇಲೆ ಓದುತ್ತಾರೆ. ಅವನ ಬಾಯಿಗೆ ನನ್ನ ಮಾತು ತುರುಕಿದಂತಾಗುತ್ತೆ. ಅವನು ಎಲ್ಲಿದ್ದ, ಏನು ತಿಂದ, ಏನು ಕಂಡ ಅನ್ನುವುದು ದಾಖಲೆಯಲ್ಲಿದೆ. ಅದನ್ನು ಹೇಳುತ್ತೇನೆ. ಬರೆದದ್ದೇನು ಅನ್ನುವುದನ್ನು ಅವನಿಗೇ ಬಿಡೋಣ.

ಅಂಚೆಯಾಕೆ: ಹಾಗಾದರೆ ಅದನ್ನೇ ಹೇಳಿ. ಏನು ಕಂಡ?

ಮೇಷ್ಟ್ರು: ಮೊದಲು ಮರಳು. 1915ರ ಫೆಬ್ರವರಿ ಮೊದಲ ವಾರ ತುರ್ಕರು ಸಿನಾಯ್ ಮರುಭೂಮಿ ದಾಟಿ ದೋಣಿ ಹೊತ್ತು ತಂದು ಸೂಯೆಜ್ ಕಾಲುವೆಗೆ ಇಳಿದರು. ಅದನ್ನು ತಡೆದ ಪಡೆಯಲ್ಲಿ ಭಾರತದವರೇ ಹೆಚ್ಚು. ಅದಾದ ಮೇಲೆ ಎರಡು ವರ್ಷಕ್ಕೂ ಮೇಲೆ ದಂಡೆಯ ಕಾವಲು, ಗಸ್ತು. ಯುದ್ಧಕ್ಕಿಂತ ಬೇಸರವೇ ದೊಡ್ಡ ಶತ್ರು. ಹುರುಳಿ ತಿಂದು ಬೆಳೆದ ಕುದುರೆಗೆ ಅಲ್ಲಿ ಬಾರ್ಲಿ, ಗೋಧಿ ಹೊಟ್ಟು. ರಾಗಿ ಮುದ್ದೆಯವನಿಗೆ ಗೋಧಿ ಹಿಟ್ಟಿನ ರೊಟ್ಟಿ. ಮರುಭೂಮಿಯಲ್ಲಿ ಮೊದಲು ಕುಡಿಯಬೇಕಾದದ್ದು ಕುದುರೆ, ಆಮೇಲೆ ಸವಾರ. 1917ರ ಕೊನೆಗೆ ಗಾಜಾ ಮುರಿದು ಪ್ಯಾಲೆಸ್ತೀನಿಗೆ ನುಗ್ಗಿದರು. 1918ರ ಬೇಸಿಗೆಯಲ್ಲಿ ಜೋರ್ಡಾನ್ ಕಣಿವೆಗೆ ಇಳಿಸಿದರು ನೋಡು, ಅದು ನರಕ. ಸಮುದ್ರದ ಮಟ್ಟಕ್ಕಿಂತ ಸಾವಿರ ಅಡಿಗೂ ಕೆಳಗಿರುವ ಜಾಗ. ಸುಡುವ ಧೂಳು, ಚೇಳು, ಸೊಳ್ಳೆ. ಬೇಸಿಗೆಯಲ್ಲಿ ಅಲ್ಲಿ ದಂಡು ಇರಿಸುವುದು ಸಾಧ್ಯವಿಲ್ಲ ಅಂತ ಹೇಳುತ್ತಿದ್ದ ಕಾಲ.

ಅಂಚೆಯಾಕೆ: ಸೊಳ್ಳೆ ಅಂದರೆ ಚಳಿಜ್ವರ. ಎಚ್.ಡಿ. ಕೋಟೆ ಕಡೆಯವನಾಗಿದ್ದರೆ ಅದೊಂದು ಮಾತ್ರ ಅವನಿಗೆ ಹೊಸದಲ್ಲ.

ಮೇಷ್ಟ್ರು: ಕಾಕನಕೋಟೆ ಕಾಡಿನ ಜ್ವರ ಕಂಡವನಿಗೆ ಆ ನಡುಕ ಗುರುತು ಸಿಕ್ಕೇ ಸಿಗುತ್ತೆ. ಜುಲೈ 14ರಂದು ಅದೇ ಕಣಿವೆಯ ಎಲ್ ಹಿನು ಎಂಬಲ್ಲಿ ಜೋಧಪುರದವರೂ ಮೈಸೂರಿನವರೂ ಕುದುರೆ ಏರಿ ತುರ್ಕರ ಮೇಲೆ ಬಿದ್ದರು. ಅದಾದ ಎರಡು ತಿಂಗಳಿಗೆ ಹೈಫಾ.

ಅಂಚೆಯಾಕೆ: ಹೈಫಾದಲ್ಲಿ ಮೈಸೂರಿನವರು ಮಾಡಿದ್ದೇನು? ಭಾಷಣದಲ್ಲಿ ನುಗ್ಗಿದರು ಅಂತ ಬಿಟ್ಟರೆ ಬೇರೆ ಕೇಳಿಲ್ಲ.

ಮೇಷ್ಟ್ರು: ಊರಿನ ಬೆನ್ನಿಗೆ ಕಾರ್ಮೆಲ್ ಬೆಟ್ಟ. ಇನ್ನೊಂದು ಮಗ್ಗುಲಿಗೆ ಕಿಶೋನ್ ಹೊಳೆ, ಕಾಲಿಟ್ಟರೆ ಹೂತುಹೋಗುವ ಕೆಸರು. ನಡುವೆ ಕಿರಿದಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ದಾರಿಯುದ್ದಕ್ಕೂ ಮೆಷಿನ್ ಗನ್. ಹಿಂದಿನ ದಿನ ಮೋಟಾರಿನಲ್ಲಿ ಬಂದ ಬ್ರಿಟಿಷ್ ತುಕಡಿ ಗುಂಡಿನ ಏಟಿಗೆ ಹಿಂದಿರುಗಿತ್ತು. ಮಾರನೆ ದಿನ ಮೈಸೂರಿನ ಒಂದು ತುಕಡಿಯನ್ನು ಬೆಟ್ಟ ಹತ್ತಲು ಕಳಿಸಿದರು. ಕಡಿದಾದ ಜಾಡು. ಕುದುರೆಗಳು ಜಾರಿ ಬಿದ್ದವು, ಕುಂಟಿದವು. ಮೇಲೆ ಹೋಗಿ ಫಿರಂಗಿಗಳ ಮೇಲೆ ಬೀಳುವಾಗ ಇನ್ನೂ ಕುದುರೆಯ ಮೇಲಿದ್ದವರು ಹದಿನೈದು ಮಂದಿಯ ಆಸುಪಾಸು. ಆ ಹದಿನೈದು ಮಂದಿ ಮೇಲಿನ ಬಾಯಿ ಮುಚ್ಚಿಸಿದ್ದರಿಂದಲೇ ಕೆಳಗೆ ಜೋಧಪುರದವರ ದಾರಿ ಸಲೀಸಾದದ್ದು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಹಿಂದೆಯೇ ಮೈಸೂರಿನ ಉಳಿದ ಸವಾರರು ಊರೊಳಗೆ ಹೊಕ್ಕರು. 1,350 ಮಂದಿ ಸೆರೆ, 17 ಫಿರಂಗಿ, 11 ಮೆಷಿನ್ ಗನ್. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34.

ಅಂಚೆಯಾಕೆ: ಎಂಟೇ ಜನ?

ಮೇಷ್ಟ್ರು: ಎಂಟೇ ಜನ. ಕುದುರೆ ಸತ್ತದ್ದು 60, ಗಾಯಗೊಂಡದ್ದು 83. ಗುಂಡನ್ನೆಲ್ಲ ಮೈಮೇಲೆ ತೆಗೆದುಕೊಂಡದ್ದು ಅವು. ನಾಲ್ಕು ವರ್ಷ ತನ್ನ ಪಾಲಿನ ನೀರು ಮೊದಲು ಕುಡಿಸಿದ ಕುದುರೆ. ಆ ವಾರ ಮನೆಗೆ ಹೋದ ಕಾಗದದಲ್ಲಿ ಯುದ್ಧದ ಹೆಸರು ಬರೆಯಲು ಅವಕಾಶವಿಲ್ಲದಿದ್ದರೂ ಕುದುರೆ ಹೋಯಿತು ಅಂತ ಬರೆಯಲು ಅಡ್ಡಿ ಇರಲಿಲ್ಲವೇನೋ. ಇನ್ನೊಂದು ಮಾತು ಸೇರಿಸುತ್ತೇನೆ, ಇದು ಮೈಸೂರಿನದಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿ ಬಂತು. 1930ರಲ್ಲಿ ಡೊರೊತಿ ಬ್ರೂಕ್ ಎಂಬ ಹೆಂಗಸು ಕೈರೋಗೆ ಹೋದಾಗ ಆ ಹಳೆಯ ದಂಡಿನ ಕುದುರೆಗಳು ಎಲುಬು ಬಿಟ್ಟುಕೊಂಡು ಗಾಡಿ ಎಳೆಯುತ್ತಿದ್ದವು. ಆಕೆ ಅವಕ್ಕಾಗಿಯೇ ಆಸ್ಪತ್ರೆ ಕಟ್ಟಿದಳು.

ಅಂಚೆಯಾಕೆ: ಅಲ್ಲಿಗೆ ಯುದ್ಧ ಮುಗಿಯಿತಾ?

ಮೇಷ್ಟ್ರು: ಭಾಷಣ ಅಲ್ಲಿಗೆ ಮುಗಿಯುತ್ತೆ, ಯುದ್ಧ ಮುಗಿಯಲಿಲ್ಲ. ಹೈಫಾ ಆದ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಅಲೆಪ್ಪೊದ ಆಚೆ ಹರಿತಾನ್ ಅನ್ನುವ ಹಳ್ಳಿಯ ಬಳಿ ಇದೇ ಮೈಸೂರು, ಜೋಧಪುರದ ಸವಾರರು ತಮಗಿಂತ ಎಷ್ಟೋ ಹೆಚ್ಚಿದ್ದ ತುರ್ಕರ ಮೇಲೆ ಏರಿ ಹೋದರು. ಎದುರು ಪಡೆಯ ಹಿಂದೆ ಇದ್ದದ್ದು ಮುಂದೆ ಅತಾತುರ್ಕ್ ಆದ ಮುಸ್ತಫಾ ಕೆಮಾಲ್. ಅಂದು ಸತ್ತವರು 21, ಗಾಯಗೊಂಡವರು 56. ಸತ್ತವರ ಲೆಕ್ಕವೇ ಹೈಫಾದ ಎರಡರಷ್ಟಕ್ಕೂ ಮೇಲೆ. ಗೆದ್ದೆವು ಅಂತಲೂ ಹೇಳುವಂತಿಲ್ಲ, ಹಿಂದೆ ಸರಿಯಬೇಕಾಯಿತು. ಅಕ್ಟೋಬರ್ 30ಕ್ಕೆ ಮುದ್ರೋಸ್‌ನಲ್ಲಿ ತುರ್ಕರೊಡನೆ ಕದನವಿರಾಮಕ್ಕೆ ರುಜು ಬಿತ್ತು. ಇನ್ನು ನಾಲ್ಕು ದಿನ ಕಾದಿದ್ದರೆ ಆ 21 ಮಂದಿ ಮನೆಗೆ ಬರುತ್ತಿದ್ದರು. ಹರಿತಾನ್ ದಿನ ಅಂತ ಯಾರಾದರೂ ಆಚರಿಸಿದ್ದು ಕೇಳಿದ್ದೀಯಾ?

ಅಂಚೆಯಾಕೆ: ಹೆಸರೇ ಇವತ್ತು ಕೇಳಿದ್ದು.

ಮೇಷ್ಟ್ರು: ಗೆದ್ದ ದಿನಕ್ಕೆ ಹಾರ, ಸತ್ತ ದಿನಕ್ಕೆ ಮರೆವು. ನನಗೆ ಸಿಟ್ಟು ಬರುವುದು ಇಲ್ಲೇ.

ಅಂಚೆಯಾಕೆ: ಅಷ್ಟರಲ್ಲಿ ಇಲ್ಲಿ ಊರಿನಲ್ಲಿ ಏನಾಗುತ್ತಿತ್ತು? ಕಾಗದ ಅಂದರೆ ಅಲ್ಲಿಂದ ಬಂದದ್ದು ಮಾತ್ರವಲ್ಲವಲ್ಲ, ಇಲ್ಲಿಂದ ಹೋದದ್ದೂ ಇದೆ.

ಮೇಷ್ಟ್ರು: ಅದನ್ನು ಯಾರೂ ಕೇಳುವುದೇ ಇಲ್ಲ, ನೀನು ಕೇಳಿದೆ. 1918ರಲ್ಲಿ ಮಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್‌ಫ್ಲುಯೆಂಜಾ ಬಂತು. ಹೈಫಾ, ಹರಿತಾನ್ ನಡೆದ ಅದೇ ವಾರಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಜನ ಹುಳುಗಳಂತೆ ಸತ್ತರು. 1911ರಲ್ಲಿ ಸಂಸ್ಥಾನದ ಜನಸಂಖ್ಯೆ 58 ಲಕ್ಷ. ಹತ್ತು ವರ್ಷ ಬಿಟ್ಟು ಎಣಿಸಿದರೂ 60 ಲಕ್ಷ ಮುಟ್ಟಲಿಲ್ಲ. ಅತ್ತ ದಮಾಸ್ಕಸ್ಸಿನಲ್ಲಿ ಅದೇ ಜ್ವರ, ಜೊತೆಗೆ ಜೋರ್ಡಾನ್ ಕಣಿವೆಯ ಮಲೇರಿಯಾ, ಸವಾರರನ್ನು ಸಾಲು ಸಾಲಾಗಿ ಮಲಗಿಸಿತ್ತು. ಎರಡು ಕಡೆಯಿಂದಲೂ ಕ್ಷೇಮ ಕೇಳಿ ಬರೆದ ಕಾಗದಗಳು ಹಡಗಿನಲ್ಲಿ ಒಂದನ್ನೊಂದು ಹಾದು ಹೋಗಿರಬೇಕು. ಈಟಿ ಗುಂಡು ಎಲ್ಲ ತಪ್ಪಿಸಿಕೊಂಡವನಿಗೆ ಊರಿನಿಂದ ಬಂದ ಕಾಗದದಲ್ಲಿ ತಾಯಿ ಹೋದ ಸುದ್ದಿ, ಕೂಸು ಹೋದ ಸುದ್ದಿ.

ಅಂಚೆಯಾಕೆ: ಸಾವಿನ ಕಾಗದದ ಮೂಲೆ ಹರಿದಿರುತ್ತಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಮಂಗಳದ ಕಾಗದಕ್ಕೆ ಮೂಲೆಗೆ ಅರಿಶಿನ. ಮೂಲೆ ಹರಿದದ್ದು ಬಂದರೆ ಹೊಸ್ತಿಲೊಳಗೆ ತರುವಂತಿಲ್ಲ. ಹೊರಗೇ ಓದಿ, ಹರಿದು ಎಸೆದು, ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು.

ಮೇಷ್ಟ್ರು: ಹಾಗಾದರೆ ಯೋಚನೆ ಮಾಡು. ಯಾರದೋ ಅಟ್ಟದಲ್ಲಿ ಒಂದು ಕಾಗದದ ಕಟ್ಟು ಉಳಿದಿದೆ ಅನ್ನು. ಅದರಲ್ಲಿ ಮುಖ್ಯವಾದ ಕಾಗದ ಇರುವುದಿಲ್ಲ. ಹರಿದು ಎಸೆದಾಗಿದೆ. ಉಳಿದದ್ದೆಲ್ಲ ಕ್ಷೇಮದ ಕಾಗದ. ನಮ್ಮಂಥ ಇತಿಹಾಸದವರು ಅದನ್ನು ಓದಿ, ಆ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು ಅಂದುಕೊಳ್ಳುತ್ತೇವೆ! ನಾನು ಇಷ್ಟು ವರ್ಷ ಪಾಠ ಹೇಳಿದೆ, ಈ ಕೋನದಿಂದ ಯೋಚಿಸಿರಲಿಲ್ಲ.

ಅಂಚೆಯಾಕೆ: ಮನಿಯಾರ್ಡರ್ ಕೂಪನ್ ಮಾತ್ರ ಹರಿಯುತ್ತಿರಲಿಲ್ಲ ಮೇಷ್ಟ್ರೇ. ದುಡ್ಡಿನ ಕಾಗದವಲ್ಲವೇ? ಎಷ್ಟೋ ಮನೆಗಳಲ್ಲಿ ಪಹಣಿ, ಕಂದಾಯ ರಸೀದಿ ಜೊತೆಗೆ ಕಟ್ಟಿ ಇಟ್ಟಿರುತ್ತಾರೆ. ಕೂಪನ್ನಿನ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಬರೆಯುವವರೆಲ್ಲ ಅಲ್ಲೇ ಬರೆಯುತ್ತಿದ್ದರು. ಹಣ ಎಷ್ಟು, ಯಾವುದಕ್ಕೆ ಖರ್ಚು ಮಾಡಬೇಕು, ಯಾರ ಸಾಲ ಮೊದಲು ತೀರಿಸಬೇಕು. ನೇರ ಮಾತು, ಒಕ್ಕಣೆ ಇಲ್ಲ.

ಮೇಷ್ಟ್ರು: ಮನಿಯಾರ್ಡರ್ ನಮ್ಮ ದೇಶದಲ್ಲಿ ಬಂದದ್ದು 1880ರಲ್ಲಿ, ಹಾಗಾಗಿ ಆ ಕಾಲಕ್ಕೆ ಇತ್ತು. ಇದು ಬಹಳ ಒಳ್ಳೆಯ ಸುಳಿವು ಕಣಮ್ಮ. ಕಾಗದ ಹುಡುಕುವವರು ಕಾಗದದ ಕಟ್ಟು ಹುಡುಕುತ್ತಾರೆ, ಕಂದಾಯದ ಕಟ್ಟು ಬಿಚ್ಚುವುದಿಲ್ಲ.

ಅಂಚೆಯಾಕೆ: ಕಲ್ಲಿನ ಸ್ಮಾರಕಗಳಿವೆಯಲ್ಲ, ಅಲ್ಲಿ ಹೆಸರುಗಳಿಲ್ಲವೇ?

ಮೇಷ್ಟ್ರು: ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವಿದೆ, ಅದರಲ್ಲಿ ಮಡಿದವರ ಹೆಸರು ಕೊರೆದಿದ್ದಾರೆ. ದಿಲ್ಲಿಯ ತೀನ್ ಮೂರ್ತಿಯಲ್ಲಿ ಮೂರು ಸವಾರರ ಪ್ರತಿಮೆ ನಿಲ್ಲಿಸಿದ್ದು 1922ರಲ್ಲಿ: ಹೈದರಾಬಾದು, ಜೋಧಪುರ, ಮೈಸೂರು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಸೂಯೆಜ್ ಬಾಯಿಯ ಪೋರ್ಟ್ ತೌಫೀಕ್‌ನಲ್ಲಿ ಭಾರತೀಯ ಸೈನಿಕರ ಸ್ಮಾರಕವೊಂದಿತ್ತು, ಅದು ಈಜಿಪ್ಟ್ ಇಸ್ರೇಲ್ ಯುದ್ಧಗಳಲ್ಲಿ ಮುರಿದುಬಿತ್ತು. 1980ರಲ್ಲಿ ಕೈರೋ ಹತ್ತಿರದ ಹೆಲಿಯೊಪೊಲಿಸ್‌ನಲ್ಲಿ ಆ ಸುಮಾರು 4,000 ಹೆಸರುಗಳಿಗೆ ಮತ್ತೆ ಜಾಗ ಮಾಡಿದರು. ದಳವೂ ಉಳಿಯಲಿಲ್ಲ. 1953ರಲ್ಲಿ ಹಲವು ಸಂಸ್ಥಾನಗಳ ರಿಸಾಲೆ ಕೂಡಿಸಿ 61ನೇ ಕ್ಯಾವಲ್ರಿ ಮಾಡಿದಾಗ ಮೈಸೂರಿನದೂ ಅದರಲ್ಲಿ ಕರಗಿತು. ಕಲ್ಲಿನ ಮೇಲಿನ ಹೆಸರಿಗೆ ಮನೆ ಇಲ್ಲ, ಮಾತಿಲ್ಲ. ಅದಕ್ಕೂ ಮೇಲೆ, ಕಲ್ಲಿನಲ್ಲಿರುವುದು ಸತ್ತವರು ಮಾತ್ರ. ಬದುಕಿ ಬಂದು, ಹೊಲ ಉತ್ತು, ಜ್ವರದ ನಡುಕ ಬಂದಾಗಲೆಲ್ಲ ಜೋರ್ಡಾನ್ ನೆನೆದು, ಹೇಳಿಕೊಳ್ಳದೆ ಮುದುಕರಾಗಿ ಹೋದವರು ಕಲ್ಲಿನಲ್ಲೂ ಇಲ್ಲ.

ಅಂಚೆಯಾಕೆ: ಅಂಥವರ ಮನೆಗಳು ಇನ್ನೂ ಇರುತ್ತವೆ. ಹಳೇ ಮನೆ ಕೆಡವಿ ಆರ್.ಸಿ.ಸಿ. ಕಟ್ಟಿಸುವಾಗ ಅಟ್ಟದ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಹಿತ್ತಿಲಲ್ಲಿ ಹಾಕಿ ಬೆಂಕಿ ಕೊಡುತ್ತಾರೆ. ಗೆದ್ದಲು ತಿಂದದ್ದು, ಏನಿದೆ ಅದರಲ್ಲಿ ಅಂತಾರೆ. ಮೊನ್ನೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಚ್ಚಲು ಹಳೇ ಕಾಗದ ತುರುಕುತ್ತಿದ್ದರು, ನಾನೇ ನೋಡಿದೆ. ಏನು ಕಾಗದವೋ ಏನೋ.

ಮೇಷ್ಟ್ರು: ಓದಲು ಬಾರದ ಅಕ್ಷರ ಅಂತ ಎಸೆಯುವವರೂ ಇದ್ದಾರೆ. ಉರ್ದು, ಮೋಡಿ, ಹಳೆಯ ಕೈಬರಹದ ಕನ್ನಡ. ಓದಲು ಬಾರದ್ದೇ ಹೆಚ್ಚು ಬೆಲೆಯದು ಅಂತ ಯಾರು ತಿಳಿಸಬೇಕು?

ಅಂಚೆಯಾಕೆ: ನಾನು ತಿಳಿಸುತ್ತೇನೆ. ದಿನಾ ಮೂವತ್ತು ಮನೆ ಬಾಗಿಲಿಗೆ ಹೋಗುವವಳು ನಾನಲ್ಲವೇ? ಏನು ಹೇಳಲಿ, ಹೇಳಿ.

ಮೇಷ್ಟ್ರು: ಇಷ್ಟು ಹೇಳು. ನಿಮ್ಮ ಮುತ್ತಾತ ದಂಡಿನಲ್ಲಿದ್ದರು ಅನ್ನುವ ಮಾತು ಮನೆಯಲ್ಲಿದ್ದರೆ ಅಟ್ಟದ ಪೆಟ್ಟಿಗೆ ಸುಡಬೇಡಿ. ಕಂದಾಯದ ಕಟ್ಟನ್ನೂ ಬಿಚ್ಚಿ ನೋಡಿ. ಐ.ಇ.ಎಫ್. ಅಂತ ಮುದ್ರೆ ಇರುವ ಸ್ಟಾಂಪು, ನಂಬರಿರುವ ಅಂಚೆ ಮುದ್ರೆ, ಮನಿಯಾರ್ಡರ್ ಕೂಪನ್ನು, ಪದಕದ ಅಂಚಿನ ಹೆಸರು, ಏನು ಸಿಕ್ಕರೂ ಸ್ಟಾಂಪು ಕಿತ್ತು ಮಾರಬೇಡಿ. ಲಕೋಟೆಯಿಂದ ಬೇರೆ ಮಾಡಬೇಡಿ, ಅಂಟು ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಮಗ್ಗುಲಿನ ಫೋಟೋ ತೆಗೆದಿಡಿ. ಮೈಸೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿ ಇದೆ, ಅಲ್ಲಿ ತೋರಿಸಿ. ಕಾಗದ ಕೊಡಲು ಮನಸ್ಸಿಲ್ಲದಿದ್ದರೆ ಬೇಡ, ಅದು ನಿಮ್ಮ ಮನೆಯದು, ನಕಲು ಕೊಟ್ಟರೆ ಸಾಕು. ಮನೆಯಲ್ಲಿ ಓದಿ ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಮಾಡಿ.